ಸಾಹ ಎಲ್ಲಿ?

ಸೆಪ್ಟೆಂಬರ್ 12, 2007, ಬುಧವಾರ

ಇವತ್ತಿನಿಂದ ಪ್ರತಿದಿನ ಬರೆಯಬೇಕಂತೆ. ಆರೋಗ್ಯ ಕೇಂದ್ರದ ನರ್ಸ್ ಇಸಾಟುವಿನ ಅಪ್ಪಣೆ. ನನ್ನ ಗಂಡ ಕೊಂಬಾ ದಿನಕ್ಕೆ ಎಷ್ಟು ಲೋಟ ನೀರು ಕುಡಿದ, ಕಾಲಿನ ಬಾವು ಏರಿತೋ ಇಳಿಯಿತೋ, ಮಲಗಿದಾಗ ಉಸಿರು ಹೇಗಿತ್ತು, ಎಲ್ಲವನ್ನೂ. "ಟೀಚರಮ್ಮಂಗೆ ಬರೆಯೋದು ನಾನು ಹೇಳ್ಕೊಡ್ಬೇಕಾ" ಅಂತ ನಕ್ಕಳು. ಇವಳಿಗೆ ಮೂರನೇ ತರಗತಿಯಲ್ಲಿ ಅಕ್ಷರ ತಿದ್ದಿಸಿದವಳು ನಾನು. ಈಗ ನನಗೇ ಮನೆಗೆಲಸ ಕೊಡುತ್ತಾಳೆ.

ಸರಿ. ನೀರು: ಆರು ಲೋಟ. ಐದಕ್ಕೆ ನಿಲ್ಲಿಸಬೇಕಿತ್ತು. ಬಾವು ಮೀನಖಂಡದವರೆಗೆ ಬಂದಿದೆ, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ಹೃದಯ ಸೋತು ನೀರು ಕಾಲಿಗೆ ಇಳಿಯುತ್ತಿದೆಯಂತೆ. ಮೂವತ್ತು ವರ್ಷ ಹೊಳೆಯಲ್ಲಿ ಸೊಂಟಮಟ್ಟ ನಿಂತು ವಜ್ರಕ್ಕಾಗಿ ಜಲ್ಲಿ ತೊಳೆದವನು. ಹೊಳೆಯ ನೊಣ ಕಚ್ಚಿ ಕಣ್ಣು ಹೋದವು, ಈಗ ನೀರೇ ಮನೆಗೆ ಬಂದು ಕಾಲಲ್ಲಿ ಕೂತಿದೆ.

ಸಂಜೆ ಮತ್ತೆ ಕೇಳಿದ. "ಫಿಂಡಾ, ದೊಡ್ಡೋನ ಅನ್ನ ಯಾವಾಗ ಮಾಡ್ತೀಯ?"

"ಸಿನಿಮಾ ಬರ್ಲಿ, ಆಮೇಲೆ ನೋಡೋಣ ಅಂದಿದ್ದೆನಲ್ಲ."

"ಸಿನಿಮಾ ಬರೋಷ್ಟರಲ್ಲಿ ನನ್ನ ಅನ್ನಾನೂ ಸೇರಿಸಿ ಬೇಯಿಸ್ಬಿಡು. ಸೌದೆ ಉಳಿಯುತ್ತೆ."

ಅವನು ಹೇಳುವುದು ನಲವತ್ತರ ಅನ್ನ. ಸತ್ತವರಿಗೆ ನಲವತ್ತನೇ ದಿನ ಬೇಯಿಸಿ ಊರಿಗೆ ಹಾಕುವುದು. ನಮ್ಮ ದೊಡ್ಡ ಮಗ ಯುದ್ಧದಲ್ಲಿ ಕಾಣೆಯಾಗಿ ಒಂಬತ್ತು ವರ್ಷವಾಯಿತು. ಸತ್ತನೆಂದು ಯಾರೂ ಬಂದು ಹೇಳಿಲ್ಲ. ನಲವತ್ತನ್ನು ಎಲ್ಲಿಂದ ಎಣಿಸುವುದು?

ಸೆಪ್ಟೆಂಬರ್ 14, ಶುಕ್ರವಾರ

ನೀರು: ಐದು. ಬಾವು: ಅಷ್ಟೇ. ಉಪ್ಪಿಲ್ಲದ ಗೆಣಸಿನ ಸೊಪ್ಪಿನ ಸಾರಿಗೆ "ಇದು ಸಾರಲ್ಲ, ಶಿಕ್ಷೆ" ಎಂದ. ಆದರೂ ತಟ್ಟೆ ಬಳಿದು ತಿಂದ.

ಸೆಪ್ಟೆಂಬರ್ 16, ಭಾನುವಾರ

ನೀರು: ಐದು. ಉಸಿರು ಪರವಾಗಿಲ್ಲ. ಎರಡು ದಿಂಬು ಸಾಕಾಯಿತು.

ಇಗರ್ಜಿಯಿಂದ ಬರುವಾಗ ಮೂರು ಜನ ಕೇಳಿದರು, ಸಿನಿಮಾ ಬಂತಾ ಅಂತ. ನಮ್ಮ ಕೊಯಿಡು ಊರಿಗೆಲ್ಲ ಕೊಂಬಾನೇ ಡಂಗುರ ಹೊಡೆಸಿದ್ದಾನೆ. ಎರಡು ವರ್ಷದ ಹಿಂದೆ ಪರದೇಶದಿಂದ ಒಬ್ಬ ಹುಡುಗಿ, ಒಬ್ಬ ಗಂಡಸು ಬಂದರು. ವಜ್ರಕ್ಕಾಗಿ ನಡೆದ ಯುದ್ಧದ ಮೇಲೆ ದೊಡ್ಡ ಸಿನಿಮಾ ಮಾಡುತ್ತಾರಂತೆ, ನಿಜವಾದ ಜನರ ಕಥೆ ಬೇಕಂತೆ. ನಮ್ಮ ಜಗಲಿಯಲ್ಲಿ ಮೂರು ದಿನ ಕೂತು ಕೊಂಬಾನ ಮಾತನ್ನೆಲ್ಲ ಯಂತ್ರದಲ್ಲಿ ಹಿಡಿದರು. ಅವನಿಗೆ ಇಂಗ್ಲಿಷ್ ಬಾರದು, ಅವರಿಗೆ ನಮ್ಮ ಕೊನೊ ಮಾತು ಬಾರದು. ನಡುವೆ ನಾನು ದುಭಾಷಿ. ಅವನು ಅತ್ತಲ್ಲಿ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿತ್ತು. ನೆಟ್ಟಗೆ ತಿರುಗಿಸಿದೆ, ಪಾಠ ಒಪ್ಪಿಸಿದ ಹಾಗೆ.

ಆ ಹುಡುಗಿ ಹಸಿರು ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದಳು. ನಮ್ಮ ಹೆಸರಿನ ಪದ್ಧತಿಯನ್ನು ನಾನೇ ಕೂರಿಸಿ ಹೇಳಿಕೊಟ್ಟೆ. ಕೊನೊ ಜನರಲ್ಲಿ ಹೆಸರು ಹುಡುಕುವ ಕಷ್ಟವಿಲ್ಲ. ಮೊದಲ ಗಂಡುಮಗು ಹುಟ್ಟಿದರೆ ಸಾಹ, ಎರಡನೆಯವನು ತಾಂಬಾ, ಮೂರನೆಯವನು ಐಯಾ, ನಾಲ್ಕನೆಯವನು ಕೊಂಬಾ. ಹೆಣ್ಣಾದರೆ ಸಿಯಾ, ಕುಂಬಾ, ಫಿಂಡಾ. ಯಾರ ಮನೆಯಲ್ಲಾದರೂ ಅಷ್ಟೇ. ಹೆಸರು ಕೇಳಿದರೆ ಸಾಕು, ಅವನ ಮುಂದೆ ಎಷ್ಟು ಜನ ಹುಟ್ಟಿದ್ದಾರೆಂದು ಗೊತ್ತಾಗುತ್ತದೆ. "ಎಷ್ಟು ಚೆನ್ನಾಗಿದೆ" ಎಂದು ಹುಡುಗಿ ಅದರ ಕೆಳಗೆ ಎರಡು ಗೆರೆ ಎಳೆದಳು.

ಕೊಂಬಾ ಅಂದಿನಿಂದ ಒಂದೇ ಹಾಡು ಹಿಡಿದಿದ್ದಾನೆ. ದೊಡ್ಡವನು ಸಿನಿಮಾದಲ್ಲಿ ಇರುತ್ತಾನೆ, ಲೋಕವೆಲ್ಲ ಅವನ ಹೆಸರು ಕೇಳುತ್ತದೆ, ಸಮಾಧಿ ಇಲ್ಲದವನಿಗೆ ಅದೇ ಸಮಾಧಿ. ನಾನೂ ಒಳ್ಳೆಯ ನೆಪ ಸಿಕ್ಕಿತೆಂದು ಅನ್ನದ ಮಾತನ್ನು ಸಿನಿಮಾಕ್ಕೆ ಗಂಟು ಹಾಕಿದೆ. ಪರದೇಶದವರು ಹೇಳಿದ್ದೆಲ್ಲ ಎಂದಾದರೂ ಬಂದಿದೆಯೇ?

ಸೆಪ್ಟೆಂಬರ್ 18, ಮಂಗಳವಾರ

ನೀರು: ಐದೂವರೆ. ಚುನಾವಣೆ ಗೆದ್ದವರ ಮೆರವಣಿಗೆ ಇನ್ನೂ ನಿಂತಿಲ್ಲ, ಊರೆಲ್ಲ ಗದ್ದಲ. ಕೊಂಬಾ ಕುರ್ಚಿಯಲ್ಲಿ ನೆಟ್ಟಗೆ ಕೂತು ನನ್ನ ಕೈ ಹುಡುಕಿದ. "ಹಾಡ್ತಿದ್ದಾರೆ ಅಷ್ಟೇ" ಎಂದೆ. ಹಾಡು ದೂರ ಹೋಗುವವರೆಗೆ ಕೈ ಬಿಡಲಿಲ್ಲ.

ಸೆಪ್ಟೆಂಬರ್ 22, ಶನಿವಾರ

ಇವತ್ತು ಜಗಳ. ನೀರು ಎಷ್ಟು ಕುಡಿದನೋ ಗೊತ್ತಿಲ್ಲ, ಲೆಕ್ಕ ತಪ್ಪಿತು.

ಬೆಳಿಗ್ಗೆ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ನಾನು ಅಲ್ಲಿಗೆ ಹೋದಾಗ ಅವನನ್ನ ಎಲ್ಲಿ ಅಂತ ಹುಡುಕ್ಲಿ?" ಎಂದ.

"ಎಲ್ಲಿಗೆ?"

"ಇನ್ನೆಲ್ಲಿಗೆ. ಸಂತೆಗಾ? ನಮ್ಮಪ್ಪ, ನಮ್ಮಣ್ಣಂದಿರು ಇರೋ ಕಡೆಗೆ. ಅನ್ನ ಹಾಕದವನನ್ನ ಒಳಗೆ ಬಿಡಲ್ಲ ಫಿಂಡಾ. ಅವನು ಬಾಗಿಲ ಹೊರಗೆ ನಿಂತಿರ್ತಾನೆ. ಹದಿಮೂರು ವರ್ಷದ ಹುಡುಗ, ಹಸಿವು ತಡೆಯೋನಲ್ಲ."

"ಅವನು ಅಲ್ಲಿದ್ದಾನೆ ಅಂತ ನಿಂಗ್ಯಾರು ಹೇಳಿದ್ರು? ಗಿನಿ ದೇಶದಲ್ಲಿ ಇರ್ಬಹುದು. ಲೈಬೀರಿಯಾದಲ್ಲಿ ಮದುವೆ ಆಗಿ ಮಕ್ಕಳಾಗಿರ್ಬಹುದು."

"ಇರ್ಬಹುದು. ಹಾಗಿದ್ರೆ ಅನ್ನ ಹಾಕಿದ್ರೆ ಅವನಿಗೇನು ನಷ್ಟ? ಇನ್ನೂ ಹೆಚ್ಚು ವರ್ಷ ಬದುಕ್ತಾನೆ."

ಎಣ್ಣೆಯ ಬಟ್ಟಲನ್ನು ಕುಕ್ಕಿ ಎದ್ದು ಬಂದೆ. ಅರ್ಧಕ್ಕೆ ಬಿಟ್ಟ ಕೆಲಸ ನನಗೆ ಆಗದು, ಆದರೂ ಎದ್ದು ಬಂದೆ. ಒಂದು ಕಾಲಿಗೆ ಮಾತ್ರ ಎಣ್ಣೆ ಹಚ್ಚಿಸಿಕೊಂಡು ಅವನು ಮಧ್ಯಾಹ್ನದವರೆಗೆ ಹಾಗೇ ಕೂತಿದ್ದ, ಕರೆಯಲಿಲ್ಲ. ಆಮೇಲೆ ನಾಚಿಕೆಯಾಗಿ ಇನ್ನೊಂದಕ್ಕೂ ಹಚ್ಚಿದೆ.

ಅವನಿಗೇನು, ಹೇಳುತ್ತಾನೆ. ಬಂಡುಕೋರರು ಊರಿಗೆ ನುಗ್ಗಿದ ದಿನ ಅವನು ಹೊಳೆಯ ಆಚೆ ವಜ್ರದ ಗುಂಡಿಯಲ್ಲಿದ್ದ, ಅಲ್ಲಿಂದಲೇ ಕಾಡು ಹಿಡಿದು ಓಡಿದ. ಎರಡು ತಿಂಗಳ ಮೇಲೆ ಗಿನಿಯ ನಿರಾಶ್ರಿತರ ಶಿಬಿರದಲ್ಲಿ ನನಗೂ ಚಿಕ್ಕವನಿಗೂ ಸಿಕ್ಕಿದ. ಮನೆಯಲ್ಲಿದ್ದವಳು ನಾನು. "ಕರ್ಕೊಂಡು ಹೋದ್ರು" ಎಂದೆ. ಅವನು ಅದಕ್ಕಿಂತ ಹೆಚ್ಚು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೆಪ್ಟೆಂಬರ್ 30, ಭಾನುವಾರ

ನೀರು: ಐದು. ಬಾವು ಮೊಣಕಾಲು ದಾಟಿದೆ.

ಸಿನಿಮಾ ಬಂದಿದೆ.

ಚಿಕ್ಕ ಮಗ ತಾಂಬಾ ಸುದ್ದಿ ತಂದ. ಈಗ ಹದಿನೇಳು ಅವನಿಗೆ, ಬಾಡಿಗೆಗೆ ಬೈಕು ಓಡಿಸುತ್ತಾನೆ, ಊರಿನ ಸುದ್ದಿಯೆಲ್ಲ ಅವನ ಹಿಂದಿನ ಸೀಟಿನಲ್ಲೇ ಓಡಾಡುವುದು. ರಾಜಧಾನಿ ಫ್ರೀಟೌನಿನಿಂದ ಯಾರೋ ಕಳ್ಳ ಡಿಸ್ಕ್ ತಂದಿದ್ದಾರೆ. ಮಾರುಕಟ್ಟೆ ಹಿಂದಿನ ವಿಡಿಯೋ ಶೆಡ್ಡಿನ ಬ್ರಿಮಾ ಬರುವ ಶನಿವಾರ ತೋರಿಸುತ್ತಾನಂತೆ. ರಂಜಾನ್ ತಿಂಗಳಾದ್ದರಿಂದ ಮಧ್ಯಾಹ್ನವೇ ಆಟ, ಉಪವಾಸ ಬಿಡುವ ಹೊತ್ತಿಗೆ ಅವನು ಮನೆಯಲ್ಲಿರಬೇಕು.

ಕೊಂಬಾ ಎರಡು ಕೈಯಿಂದಲೂ ಮುಖ ಒರೆಸಿಕೊಂಡ. "ನನ್ನ ಬಿಳಿ ಅಂಗಿ ಎಲ್ಲಿದೆ?"

"ಕಣ್ಣು ಕಾಣದವನು ಸಿನಿಮಾಕ್ಕೆ ಹೋಗಿ ಏನ್ ಮಾಡ್ತೀಯ ಮುದುಕ?"

"ನೀನು ಹೇಳು, ನಾನು ನೋಡ್ತೀನಿ."

ಒಪ್ಪಿಕೊಂಡೆ. ಇಲ್ಲವೆನ್ನಲು ಯಾವ ನೆಪವೂ ಉಳಿದಿರಲಿಲ್ಲ.

ಅಕ್ಟೋಬರ್ 4, ಗುರುವಾರ

ನರ್ಸ್ ಬಂದು ನೋಡಿದಳು. ಈ ಪುಸ್ತಕ ತಿರುವಿ ನೀರಿನ ಲೆಕ್ಕ ಮಾತ್ರ ಓದಿದಳೆಂದು ಭಾವಿಸಿದ್ದೇನೆ. ಮಾತ್ರೆ ಹೆಚ್ಚು ಮಾಡಿದಳು. ಬಾಗಿಲ ಹತ್ತಿರ ನನ್ನನ್ನು ಕರೆದು, "ಅವರಿಗೆ ಏನು ಇಷ್ಟವೋ ಅದನ್ನ ಮಾಡಿಬಿಡಿ ಟೀಚರಮ್ಮ. ಮಳೆ ನಿಲ್ಲೋವರೆಗೆ ಇರ್ತಾರೆ, ಆಮೇಲೆ ನಾನು ಮಾತು ಕೊಡಲಾರೆ" ಎಂದಳು. ಮಳೆ ಈ ತಿಂಗಳ ಕೊನೆಗೆ ನಿಲ್ಲುತ್ತದೆ.

ಉಪ್ಪು ಕೊಡಬಹುದಾ ಎಂದು ಕೇಳಿದೆ.

ಅಕ್ಟೋಬರ್ 7, ಭಾನುವಾರ

ನಿನ್ನೆ ಏನೂ ಬರೆಯಲಾಗಲಿಲ್ಲ. ನೀರು ಬಹುಶಃ ನಾಲ್ಕು.

ತಾಂಬಾ ಬೈಕಿನಲ್ಲಿ ಕರೆದುಕೊಂಡು ಹೋದ. ಮುಂದೆ ಅವನು, ನಡುವೆ ಕೊಂಬಾ, ಹಿಂದೆ ಕೊಂಬಾನನ್ನು ತಬ್ಬಿ ಹಿಡಿದ ನಾನು. ಮದುವೆಯಾದ ವರ್ಷ ಬಿಟ್ಟರೆ ಹೀಗೆ ಬೀದಿಯಲ್ಲಿ ಗಂಡನನ್ನು ತಬ್ಬಿಕೊಂಡು ಹೋದ ನೆನಪಿಲ್ಲ. ಮಾರುಕಟ್ಟೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಕೊಂಬಾ ರಾಜನ ಹಾಗೆ ಕೈ ಎತ್ತಿದ.

ಶೆಡ್ಡು ತುಂಬಿತ್ತು. ಬ್ರಿಮಾ ಉಪವಾಸದ ಸಿಡುಕಿನಲ್ಲೇ ನಮಗೆ ಮುಂದಿನ ಬೆಂಚು ಬಿಡಿಸಿಕೊಟ್ಟ. "ಇವರ ಕಥೆ ಕಣ್ರೋ, ಜಾಗ ಬಿಡಿ" ಎಂದು ಗದರಿದ.

ಇವರ ಕಥೆ. ಸಿನಿಮಾ ಶುರುವಾದದ್ದೇ ನಮ್ಮ ಕಡೆ ಯಾರೂ ಕಂಡಿರದ ಜಿರಾಫೆಯಿಂದ. ಕೆಳಗೆ "ಕೊನೊ ಜಿಲ್ಲೆ" ಎಂದು ಬರೆದಿತ್ತು. ಜನ ಬಿದ್ದು ಬಿದ್ದು ನಕ್ಕರು. ಹಿಂದಿನಿಂದೊಬ್ಬ, "ಅದು ನಮ್ಮ ಶಾಸಕರು, ಎಲೆಕ್ಷನ್ ಮುಗಿದ ಮೇಲೆ ಈಗ ಕಾಣಿಸ್ಕೊಂಡ್ರು" ಎಂದ. ನಾನು ಕೊಂಬಾನಿಗೆ ಎಲ್ಲ ಹೇಳುತ್ತಾ ಹೋದೆ. ಕೆಂಪು ಮರಳು. ಒಂದೂ ತಾಳೆಮರ ಇಲ್ಲ. ಜನ ಜೋಳದ ಹಿಟ್ಟಿನ ಮುದ್ದೆ ತಿನ್ನುತ್ತಿದ್ದಾರೆ.

"ಅನ್ನ ಇಲ್ವಾ?"

"ಇಲ್ಲ."

"ಹಾಗಾದ್ರೆ ಯಾಕೆ ಬದುಕಿದ್ದಾರೆ" ಎಂದ, ಸುತ್ತಲಿನವರೂ ನಕ್ಕರು.

ಗುಂಡಿಯಲ್ಲಿ ಒಬ್ಬ ಜರಡಿ ಆಡಿಸಿ ಪಾರಿವಾಳದ ಮೊಟ್ಟೆಯಷ್ಟು ದೊಡ್ಡ ವಜ್ರ ಎತ್ತಿದ. ಅದು ಬಿಸಿಲಿಗೆ ಫಳಫಳ ಹೊಳೆಯಿತು. ಶೆಡ್ಡಿನಲ್ಲಿದ್ದ ಅರ್ಧ ಜನ ಹೊಳೆಯಲ್ಲಿ ಬೆನ್ನು ಮುರಿದವರು. ಮಣ್ಣಿಂದ ಬಂದ ಕಲ್ಲು ಸವೆದ ಸೋಪಿನ ಚೂರಿನ ಹಾಗಿರುತ್ತದೆ, ಹೊಳೆಯುವುದಿಲ್ಲ, ಅದಕ್ಕೇ ಎಷ್ಟೋ ಜನರ ಕೈ ದಾಟಿ ಹೋಗುತ್ತದೆ. ಇದನ್ನು ಕೊಂಬಾ ಆ ಹುಡುಗಿಗೆ ಅರ್ಧ ದಿನ ಹೇಳಿದ್ದ.

ಕಥೆ ಒಬ್ಬ ಬಿಳಿಯ ಪೈಲಟನದು. ಅವನಿಗೆ ಮನಸ್ಸಾಕ್ಷಿ ಚುಚ್ಚುತ್ತದೆ. ಒಬ್ಬಳು ಡಾಕ್ಟರು ಇದ್ದಾಳೆ, ಅವಳ ತಲೆಗೂದಲು ಗುಂಡಿನ ಮಳೆಯಲ್ಲೂ ಕೆದರುವುದಿಲ್ಲ. ವಜ್ರ ಸಿಕ್ಕಿದ ನಮ್ಮವನು ಅವರ ಹಿಂದೆ ಚೀಲ ಹೊತ್ತುಕೊಂಡು ಓಡುತ್ತಾನೆ. ಬಂಡುಕೋರರು ಎತ್ತಿಕೊಂಡು ಹೋದ ಮಗನನ್ನು ಅವನು ಹುಡುಕಬೇಕು. ಅವನಿಗಿರುವುದು ಒಬ್ಬನೇ ಮಗ. ಅವನ ಹೆಸರು ತಾಂಬಾ.

ಅವನು ಬೆಟ್ಟದ ಮೇಲೆ ನಿಂತು "ತಾಂಬಾ" ಎಂದು ಕೂಗಿದಾಗ ಹಿಂದಿನ ಬೆಂಚಿನಿಂದ ಒಬ್ಬ, "ಸರಿ ಕಣಪ್ಪ, ಸಾಹ ಎಲ್ಲಿ?" ಎಂದ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಎರಡು ಗೆರೆ ಎಳೆದುಕೊಂಡಿದ್ದಳು ಆ ಹುಡುಗಿ. ಎರಡನೆಯವನ ಹೆಸರಿಟ್ಟು ಮೊದಲನೆಯವನನ್ನು ಹುಟ್ಟಿಸುವುದನ್ನೇ ಮರೆತಿದ್ದರು. ಅಲ್ಲಿಂದ ಮುಂದೆ ಅದೇ ಆಟ. ಪರದೆಯ ಮೇಲೆ ಅವನು "ತಾಂಬಾ" ಎಂದಾಗೆಲ್ಲ ಇಲ್ಲಿ ನೂರು ಗಂಟಲು ಒಟ್ಟಿಗೆ "ಸಾಹ ಎಲ್ಲಿ?" ಕೊಂಬಾನೂ ಒಂದೆರಡು ಸಲ ನಕ್ಕ. ನಾನು ನಗಲಿಲ್ಲ. ನನಗೆ ಆ ಶೆಡ್ಡಿನಿಂದ ಎದ್ದು ಓಡಬೇಕೆನ್ನಿಸಿತು. ಆದರೆ ನನ್ನ ಮಣಿಕಟ್ಟು ಕೊಂಬಾನ ಕೈಯಲ್ಲಿತ್ತು.

ಆಮೇಲೆ ಅವನು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ. "ಹೌದೂ, ಫಿಂಡಾ, ಸಾಹ ಎಲ್ಲಿ? ಇವರಿಗೆ ಕಾಣ್ತಿಲ್ಲ ಅಷ್ಟೇ. ನೀನು ಸರಿಯಾಗಿ ನೋಡಿ ಹೇಳು."

ಪರದೆಯ ಮೇಲೆ ಪೈಲಟು ಡಾಕ್ಟರಿಗೆ ಸಿಗರೇಟು ಹಚ್ಚಿಕೊಡುತ್ತಿದ್ದ.

"ಇದ್ದಾನೆ" ಎಂದೆ. "ಅಡುಗೆಮನೆ ಹಿಂದೆ ಇದ್ದಾನೆ. ತಾಳೆಗರಿ ರಾಶಿಯ ಕೆಳಗೆ."

"ಅಡಗಿದ್ದಾನಾ?"

"ಅವನಮ್ಮ ಅಡಗಿಸಿದ್ದಾಳೆ. ದೊಡ್ಡ ಹುಡುಗರನ್ನ ಹಿಡೀತಾರೆ ಅಂತ."

"ಬುದ್ಧಿವಂತೆ."

"ಅಂಗಳಕ್ಕೆ ಬಂದ್ರು. ಏಳೆಂಟು ಜನ. ಮನೆಯೊಳಗೆಲ್ಲ ನೋಡಿದ್ರು, ದೊಡ್ಡ ಹುಡುಗರು ಯಾರೂ ಇಲ್ಲ. ಹೊರಟೇಬಿಟ್ರು." ನನ್ನ ನಾಲಿಗೆ ನನ್ನ ಮಾತು ಕೇಳುತ್ತಿರಲಿಲ್ಲ. "ಚಿಕ್ಕೋನು ಇದ್ದಾನೆ ನೋಡು, ಎಂಟು ವರ್ಷದೋನು. ಅವರಲ್ಲೊಬ್ಬನ ಬಂದೂಕಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಅದನ್ನ ನೋಡಕ್ಕೆ ಓಡ್ದ."

"ತಾಯಿ ಏನ್ ಮಾಡಿದ್ಲು?"

"ಕೂಗಿದ್ಲು. ತಾಂಬಾ, ಬಾ ಇಲ್ಲಿ, ಅಂತ."

ಮಣಿಕಟ್ಟಿನ ಮೇಲೆ ಅವನ ಕೈ ಬಿಗಿಯಾಯಿತು. ಅವನು ಕೊನೊ ಮನುಷ್ಯ, ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕೇಳಿದ, "ಆಮೇಲೆ?"

"ಹೊರಟಿದ್ದೋನು ಒಬ್ಬ ತಿರುಗಿದ. ನಮ್ಮವನೇ. ನಮ್ಮ ಮಾತೇ ಆಡ್ತಿದ್ದ. ನಕ್ಕು, ಅವಳನ್ನ ಕೇಳ್ದ…"

ಅಷ್ಟೇ ನನ್ನಿಂದ ಆದದ್ದು. ಪರದೆಯ ಮೇಲೆ ಆ ತಂದೆ ಮತ್ತೆಲ್ಲೋ ನಿಂತು ಮಗನನ್ನು ಕರೆದನೆಂದು ಕಾಣುತ್ತದೆ. ನಮ್ಮ ಹಿಂದಿನಿಂದ ಇಡೀ ಶೆಡ್ಡು ಒಂದೇ ದನಿಯಲ್ಲಿ ನಗುತ್ತಾ ಕೂಗಿತು, "ಸಾಹ ಎಲ್ಲಿ?"

ಕೊಂಬಾ ಆಮೇಲೆ ಏನೂ ಕೇಳಲಿಲ್ಲ. ಇನ್ನೂ ಒಂದು ಗಂಟೆ ಸಿನಿಮಾ ನಡೆಯಿತು, ಏನು ನಡೆಯಿತೋ. ಕೊನೆಗೆ ವಿಮಾನದ ರೆಕ್ಕೆಯ ಕೆಳಗೆ ತಂದೆ ಮಗ ತಬ್ಬಿಕೊಂಡರು, ಪೈಲಟು ಸತ್ತ, ಸಂಗೀತ ಜೋರಾಯಿತು. ಜನ ಏಳುವಾಗ ಕೊಂಬಾ ಕೂತಲ್ಲೇ ಕೇಳಿದ.

"ಕೊನೇಲಿ ಸಾಹ ಬಂದ್ನಾ?"

"ಇಲ್ಲ" ಎಂದೆ. "ಬರ್ಲಿಲ್ಲ."

"ಹೂಂ" ಎಂದ. ಎದ್ದು ನಿಲ್ಲಲು ಕೈ ಕೊಟ್ಟ.

ಹೊರಗೆ ಬ್ರಿಮಾ ಬಂದು, "ಕ್ಷಮಿಸಿ ಹಿರಿಯರೇ, ಇಷ್ಟು ಕೆಟ್ಟದಿರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದ. "ಪಾಪ, ಅವರೇನು ಮಾಡ್ತಾರೆ, ಅವರು ಇಲ್ಲಿ ಹುಟ್ಟಿದೋರಲ್ಲ" ಎಂದು ಕೊಂಬಾ ಅವನನ್ನೇ ಸಮಾಧಾನ ಮಾಡಿದ.

ಅಕ್ಟೋಬರ್ 8, ಸೋಮವಾರ

ನೀರು: ಐದು. ಬಾವು: ಅಷ್ಟೇ.

ಶಾಲೆಯಲ್ಲಿ ಹಾಜರಿ ಕರೆದೆ. ನನ್ನ ತರಗತಿಯಲ್ಲಿ ಒಂಬತ್ತು ಸಾಹಗಳಿದ್ದಾರೆ. ಇಷ್ಟು ವರ್ಷ ಅವರನ್ನು ಅಪ್ಪಂದಿರ ಹೆಸರಿನಿಂದ ಕರೆಯುತ್ತಿದ್ದೆ. ಇವತ್ತು ಯಾಕೋ ನೇರವಾಗಿ ಕರೆದುಬಿಟ್ಟೆ, ಒಂಬತ್ತೂ ಜನ ಒಟ್ಟಿಗೆ ಎದ್ದು ನಿಂತರು.

ಅಕ್ಟೋಬರ್ 10, ಬುಧವಾರ

ನೀರು: ಐದು. ಮೂರು ದಿಂಬು ಬೇಕಾದವು.

ಸಂಜೆ ಜಗಲಿಯಲ್ಲಿ ನೆಲಗಡಲೆ ಸುಲಿಯುತ್ತಿದ್ದೆವು. ಅವನ ಬೆರಳಿಗೆ ಕಣ್ಣು ಬೇಡ, ನನಗಿಂತ ಬೇಗ ಸುಲಿಯುತ್ತಾನೆ. ತಾನಾಗಿಯೇ ಶುರು ಮಾಡಿದ.

"ಆ ಸಿನಿಮಾ ಬರೀ ಸುಳ್ಳು."

"ಹೌದು."

"ಆ ತಾಯಿ ಇದ್ದಾಳಲ್ಲ, ಅದೊಂದು ಜಾಗ ಮಾತ್ರ ಸರಿಯಾಗಿ ಮಾಡಿದ್ದಾರೆ."

ನಾನು ಇನ್ನೊಂದು ನೆಲಗಡಲೆ ಒಡೆದೆ.

"ಪಾಪದ ಹೆಂಗಸು. ತನ್ನಿಂದಾನೇ ಆಯ್ತು ಅಂತ ಅಂದ್ಕೊಂಡಿರ್ತಾಳೆ. ಮಗು ಬಂದೂಕಿನ ಕಡೆ ಓಡ್ತಾ ಇತ್ತು. ಇನ್ನೇನಂತ ಕರೀಬೇಕಿತ್ತು ಅವಳು? ಇರೋದು ಒಂದು ಬಾಯಿ. ಒಂದು ಬಾಯಲ್ಲಿ ಒಬ್ಬನ್ನೇ ಕರೆಯಕ್ಕಾಗೋದು. ಎದುರಿಗೆ ಓಡ್ತಿದ್ದೋನನ್ನ ಕರೆದ್ಲು, ಅವನು ಬದುಕಿಕೊಂಡ." ಒಂದು ಹಿಡಿ ಸುಲಿದು ಮೊರಕ್ಕೆ ಹಾಕಿದ. "ಆ ಅಪ್ಪ ಎಲ್ಲಿದ್ದ ಆಗ?"

"ಹೊಳೆಯ ಆಚೆ."

"ಅದೇ ಮತ್ತೆ. ಅವನನ್ನ ಯಾರೂ ಕೇಳಲ್ಲ. ನಾನಾಗಿದ್ರೆ ಆ ಹೆಂಗಸಿಗೆ ಹೇಳ್ತಿದ್ದೆ, ಅಮ್ಮಾ, ನೀನು ಒಬ್ಬನ್ನ ಕಳ್ಕೊಂಡಿಲ್ಲ, ಒಬ್ಬನ್ನ ಉಳಿಸಿದೀಯ ಅಂತ. ಆದ್ರೆ ಸಿನಿಮಾದೋರಿಗೆ ನಾನೆಲ್ಲಿ ಹೇಳಕ್ಕಾಗುತ್ತೆ."

"ಮಾತ್ರೆ ತಗೋಳೋ ಹೊತ್ತಾಯ್ತು" ಎಂದು ಎದ್ದೆ. ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತೆ. ಅಷ್ಟು ಅಳು ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಲಂಗದ ಅಂಚೆಲ್ಲ ಒದ್ದೆಯಾಯಿತು. ಮಾತ್ರೆ ಕೊಡುವುದು ಇಪ್ಪತ್ತು ನಿಮಿಷ ತಡವಾಯಿತು. ನರ್ಸಿಗೆ ಇದನ್ನು ಹೇಳಬೇಕಾಗಿಲ್ಲ.

ಅವನಿಗೆ ಏನು ಗೊತ್ತಾಗಿದೆಯೋ ಏನು ಗೊತ್ತಾಗಿಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಅಕ್ಟೋಬರ್ 14, ಭಾನುವಾರ

ನಿನ್ನೆ ಹಬ್ಬ ಮುಗಿಯಿತು, ಬ್ರಿಮಾ ಮನೆಯಿಂದ ಮಾಂಸ ಬಂತು. ನೀರು: ಐದು.

ಶನಿವಾರ ದೊಡ್ಡವನ ಅನ್ನಕ್ಕೆ ಅಕ್ಕಿ ಎಷ್ಟು ಬೇಕೆಂದು ನೆರೆಮನೆ ಯೇಯಿ ಜೊತೆ ಮಾತಾಡಿದೆ. ಒಂದು ಚೀಲ ಸಾಲದು ಎನ್ನುತ್ತಾಳೆ. ಊರಿನ ಅಕ್ಕಿಯೇ ಆಗಬೇಕು, ಪರದೇಶದ ಬಿಳಿ ಅಕ್ಕಿ ಅಂಗಳಕ್ಕೆ ಸೇರಿಸುವುದಿಲ್ಲ. ಕೋಳಿ ನಾಲ್ಕು. ಕೆಂಪು ತಾಳೆಎಣ್ಣೆ ಹೊಸದೇ ಬೇಕು. ಕೊಂಬಾ ಎರಡು ದಿನದಿಂದ ಕುರಿ ಕುರಿ ಎನ್ನುತ್ತಿದ್ದಾನೆ. ಕುರಿಗೆ ಎಲ್ಲಿಗೆ ಹೋಗಲಿ? ಮರಗೆಣಸಿನ ಸೊಪ್ಪು ಕುಟ್ಟಲು ಆರು ಜನ ಬರುತ್ತಾರೆ, ಒನಕೆ ಇರುವುದು ಮೂರು. ಹುಡುಗನಿಗೆ ಒಣಮೀನು ಹಾಕಿದ ನೆಲಗಡಲೆ ಸಾರು ಇಷ್ಟ, ಅದನ್ನೂ ಬೇರೆ ಮಾಡಬೇಕು. ಎಲ್ಲ ನನ್ನ ತಲೆಯ ಮೇಲೆ. ತಾಂಬಾ ನನ್ನ ಮುಖವನ್ನೇ ನೋಡುತ್ತಿದ್ದ. "ಏನು, ಯಾವತ್ತೂ ಅಡುಗೆ ಮಾಡೋರನ್ನ ನೋಡಿಲ್ವಾ? ಹೋಗಿ ಸೌದೆ ತಗೊಂಡ್ಬಾ" ಎಂದೆ.

ಅಕ್ಟೋಬರ್ 20, ಶನಿವಾರ

ಎಲ್ಲ ಮುಗಿಯಿತು. ಕೈಯಲ್ಲಿ ಮೆಣಸಿನ ಉರಿ ಇನ್ನೂ ಇದೆ, ಬರೆಯಲು ಕಷ್ಟ.

ಮಳೆ ಬರಲಿಲ್ಲ. ಅಂಗಳ ತುಂಬ ಜನ. ಕೊಂಬಾನನ್ನು ಕುರ್ಚಿಸಮೇತ ಎತ್ತಿ ತಂದು ನೆರಳಲ್ಲಿ ಇಟ್ಟೆವು, ಬಿಳಿ ಅಂಗಿ ತೊಟ್ಟಿದ್ದ. ಊರಿನ ಹಿರಿಯ ಪಾ ಲೆಬ್ಬಿ ಬಂದು ನೆಲಕ್ಕೆ ನೀರು ಬಿಟ್ಟು, ಕೋಲಾ ಬೀಜ ಒಡೆದು, ಕೊಂಬಾನ ತಂದೆ, ತಾತ, ಅಣ್ಣಂದಿರ ಹೆಸರೆಲ್ಲ ಹೇಳಿ, ನಿಮ್ಮ ಹುಡುಗ ಬರುತ್ತಿದ್ದಾನೆ, ಬಾಗಿಲು ತೆಗೆಯಿರಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ನೀನು ಕರಿ."

"ನಾನಾ? ಹಿರಿಯರಲ್ವಾ ಕರೆಯೋದು?"

"ಸಮಾಧಿ ಇದ್ದೋರನ್ನ ನಾವು ಕರೀತೀವಿ. ಸಮಾಧಿ ಇಲ್ಲದೋರನ್ನ ಹೆತ್ತೋಳೇ ಕರೀಬೇಕು. ಗಟ್ಟಿಯಾಗಿ ಕರಿ, ದೂರ ಇರ್ತಾನೆ."

ಇಂಥ ಪದ್ಧತಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕೊಂಬಾ ಕುರ್ಚಿಯಲ್ಲಿ ಕೆಮ್ಮಿದ ರೀತಿ ನೋಡಿದರೆ ಇದು ಅವರಿಬ್ಬರೂ ಸೇರಿ ನಿನ್ನೆ ಹೊಸದಾಗಿ ಮಾಡಿದ ಪದ್ಧತಿ ಇರಬೇಕು. ಆದರೆ ನೂರು ಜನ ನನ್ನನ್ನೇ ನೋಡುತ್ತಿದ್ದರು. ನೆಲಗಡಲೆ ಸಾರು ಆರುತ್ತಿತ್ತು.

ಅಂಗಳದ ನಡುವೆ ನಿಂತು ಕರೆದೆ. ಶಾಲೆಯಲ್ಲಿ ಮೈದಾನದ ಆ ತುದಿಗೆ ಕೇಳಿಸುವ ಹಾಗೆ ಕರೆಯುತ್ತೇನಲ್ಲ, ಆ ದನಿಯಲ್ಲಿ.

"ಸಾಹ, ಊಟಕ್ಕೆ ಬಾ."

ಅಂಗಳದಲ್ಲಿದ್ದ ಸಾಹಗಳೆಲ್ಲ ತಿರುಗಿ ನೋಡಿದರು. ಬಡಗಿ ಸಾಹ ತಿರುಗಿದ. ಯೇಯಿಯ ಅಳಿಯ ಸಾಹ ಒನಕೆ ಹಿಡಿದವನು ಹಾಗೇ ನಿಂತ. ಪೊಲೀಸು ಸಾಹ, ನನ್ನ ಹಳೆಯ ಶಿಷ್ಯರಿಬ್ಬರು. ಅವರಿಗೆಲ್ಲ ಇದು ಯಾರನ್ನು ಕರೆದದ್ದೆಂದು ಗೊತ್ತು, ಆದರೆ ಹುಟ್ಟಿದಾಗಿನಿಂದ ಓಗೊಟ್ಟ ಹೆಸರು, ಕುತ್ತಿಗೆ ತಾನಾಗಿ ತಿರುಗುತ್ತದೆ. ಬೇಲಿಯ ಹತ್ತಿರ ಎಪ್ಪತ್ತು ದಾಟಿದ ಕಮ್ಮಾರ ಸಾಹ ಕೂತಿದ್ದ, ಕಿವಿ ಅರ್ಧ ಕೇಳಿಸದು. ಅವನೊಬ್ಬ ಮಾತ್ರ ಕೋಲೂರಿ ಎದ್ದು, "ಬಂದೆ ತಾಯಿ, ಬಂದೆ" ಎನ್ನುತ್ತಾ ನನ್ನ ಕಡೆ ನಡೆದುಕೊಂಡು ಬಂದ.

ಹೆಂಗಸರು ಕಿಸಕ್ಕನೆ ನಕ್ಕರು. ಆಮೇಲೆ ಬಟ್ಟೆಯ ಅಂಚು ಬಾಯಿಗೆ ಹಿಡಿದರು. ಆಮೇಲೆ ಯಾರೂ ನಗಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಸುತ್ತಿಗೆ ಹಿಡಿದು ದಡ್ಡುಗಟ್ಟಿದ ಕೈ.

"ಎಷ್ಟು ಜನ ತಿರುಗಿದ್ರು?" ಕೊಂಬಾ ಕುರ್ಚಿಯಿಂದ ಕೇಳಿದ.

ಎಣಿಸಿದೆ. "ಆರು."

"ಆರೂ ಜನಕ್ಕೆ ಮೊದಲು ಬಡಿಸು. ಎಲ್ಲರೂ ಯಾರೋ ಒಬ್ಬಳ ಮೊದಲ ಮಗ."

ದೊಡ್ಡ ಬೋಗುಣಿಗೆ ಅನ್ನ ಸುರಿದು, ಮೇಲೆ ಸಾ‌ರು ಹಾಕಿ, ಚಾಪೆಯ ಮೇಲೆ ಇಟ್ಟೆ. ಅವರು ಕೈ ತೊಳೆದು ಸುತ್ತ ಕೂತರು. ಕೂತಾಗ ಬಡಗಿ ಸಾಹನಿಗೂ ಮುದುಕ ಸಾಹನಿಗೂ ನಡುವೆ ಒಬ್ಬ ಹುಡುಗ ಕೂರುವಷ್ಟು ಜಾಗ ಉಳಿಯಿತು. ಯಾರೂ ಸರಿದು ತುಂಬಲಿಲ್ಲ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಅವರು ತಮ್ಮ ತಮ್ಮ ಮುಂದಿನ ಅನ್ನ ತಿಂದು ಎದ್ದರು, ಆ ಕಡೆಯ ಅನ್ನಕ್ಕೆ ಯಾರೂ ಕೈ ಹಾಕಲಿಲ್ಲ.